ಬೆಕ್ಕಿಗೆ ಶುಗರ್ ಲೋ ಆದ್ರೆ ಮನೇಲಿ ಏನ್ ಮಾಡ್ಬೇಕು? ಅನುಭವ ಇರೋರು ದಯವಿಟ್ಟು ಹೇಳಿ

ನಮ್ಮ ಬೆಕ್ಕಿಗೆ ಹನ್ನೊಂದು ವರ್ಷ. ಡಯಾಬಿಟಿಸ್ ಅಂತ ಗೊತ್ತಾಗಿ ಮೂರು ವಾರ ಆಯ್ತು, ದಿನಕ್ಕೆ ಎರಡು ಸಲ ಇನ್ಸುಲಿನ್ ಹಾಕ್ತಿದೀನಿ. ಡಾಕ್ಟ್ರು "ಶುಗರ್ ಲೋ ಆಗದಂಗೆ ನೋಡ್ಕೊಳ್ಳಿ" ಅಂದಿದ್ರು, ಆದ್ರೆ ಹಂಗೇನಾದ್ರೂ ಆದ್ರೆ ಏನ್ ಮಾಡ್ಬೇಕು ಅಂತ ಆ ಗಾಬರೀಲಿ ನಾನೂ ಕೇಳ್ಲಿಲ್ಲ. ನಿನ್ನೆ ಇಂಜೆಕ್ಷನ್ ಆಗಿ ಐದು ಗಂಟೆ ಆಗಿರ್ಬೇಕು, ಎದ್ದು ನಡೆಯೋಕೆ ಹೋಗಿ ತೂರಾಡ್ತು, ಹಿಂದಿನ ಕಾಲು ಹಿಡಿತಕ್ಕೇ ಸಿಗ್ತಿರ್ಲಿಲ್ಲ. ಏನೂ ತೋಚದೆ ಊಟ ಇಟ್ಟೆ, ಗಬಗಬ ತಿಂತು, ಅರ್ಧ ಗಂಟೇಲಿ ಸರಿಹೋಯ್ತು. ಅದು ಲೋ ಶುಗರ್ರೇನಾ? ಮುಂದೆ ಯಾವತ್ತಾದ್ರೂ ರಾತ್ರಿ ಹೊತ್ತು ಆಗಿ, ಊಟಾನೂ ಮುಟ್ಟದೆ ಇದ್ರೆ ನಾನೇನ್ ಮಾಡ್ಲಿ? ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ ನಂಗೆ.

*

ಊಟ ಇಟ್ಟಿದ್ದು ಸರಿಯಾದ ಕೆಲ್ಸ, ಮೊದ್ಲು ಅದಕ್ಕೆ ಸಮಾಧಾನ ಮಾಡ್ಕೊಳ್ಳಿ. ಆದ್ರೆ ಮುಂದಿನ ಡೋಸ್ ಹಾಕೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ ನಿನ್ನೆ ನಡೆದಿದ್ದು ಹೇಳಿ. ನೀವು ಹೇಳಿದ್ದು ಕೇಳಿದ್ರೆ ಲೋ ಆಗಿರೋ ಹಂಗೇ ಇದೆ, ಅದೇ ಡೋಸ್ ಮತ್ತೆ ಹಾಕಿದ್ರೆ ಮತ್ತೆ ಆಗ್ಬಹುದು.

ನಮ್ಮನೇಲಿ ಆಗಿದ್ದು ನಮ್ಮ ತಪ್ಪಿಂದ. ಬೆಳಗ್ಗೆ ನಮ್ಮ ಯಜಮಾನ್ರು ಇಂಜೆಕ್ಷನ್ ಹಾಕಿ ಕೆಲ್ಸಕ್ಕೆ ಹೋಗಿದ್ರು, ನಂಗೆ ಗೊತ್ತಿಲ್ಲ, ನಾನೂ ಎದ್ದು ಹಾಕ್ದೆ. ಮಧ್ಯಾಹ್ನ ಮಂಚದ ಕೆಳಗಿಂದ ಒಂಥರಾ ಕೂಗು, ಒಂಬತ್ತು ವರ್ಷದಲ್ಲಿ ಅದು ಹಂಗೆ ಕೂಗಿದ್ದು ನಾನು ಕೇಳೇ ಇಲ್ಲ. ಬಗ್ಗಿ ನೋಡಿದ್ರೆ ಕಣ್ಣಿನ ಪಾಪೆ ಪೂರ್ತಿ ಅಗಲ ಆಗಿದೆ, ಜೊಲ್ಲು ಸುರೀತಿದೆ, ಕರೆದ್ರೆ ನನ್ನ ಗುರುತೇ ಇಲ್ಲದಂಗೆ ಎತ್ಲಾಗೋ ನೋಡ್ತಿದೆ. ಎಳ್ಕೊಂಡು ಈಚೆ ತರೋಷ್ಟರಲ್ಲಿ ಫಿಟ್ಸ್ ಶುರು ಆಯ್ತು. ಅವಾಗ ಫೋನಲ್ಲಿ ಡಾಕ್ಟ್ರು ಹೇಳ್ಕೊಟ್ಟಿದ್ದನ್ನೇ ನಿಮಗೂ ಹೇಳ್ತೀನಿ. ಜೇನುತುಪ್ಪಾನೋ ಗ್ಲುಕೋಸ್ ಸಿರಪ್ಪೋ ಏನಿದ್ಯೋ ಅದನ್ನ ಬೆರಳಿಗೆ ತಗೊಂಡು, ತುಟಿ ಎತ್ತಿ, ಹಲ್ಲಿನ ಹೊರಗಡೆಯಿಂದ ಒಸಡಿಗೆ, ಕೆನ್ನೆ ಒಳಭಾಗಕ್ಕೆ ಹಚ್ಚಿ. ಹಲ್ಲಿನ ಮಧ್ಯೆ ಬೆರಳು ಬೇಡ್ವೇ ಬೇಡ, ಫಿಟ್ಸ್‌ನಲ್ಲಿ ದವಡೆ ಕಚ್ಕೊಂಡ್ರೆ ಅದಕ್ಕೇ ಬಿಡೋಕಾಗಲ್ಲ. ಬಾಯಿಗೆ ಸುರಿಯೋಕೂ ಹೋಗ್ಬೇಡಿ, ನುಂಗೋಕಾಗದೆ ಇರುವಾಗ ನೀರಾಗಿ ಏನು ಸುರಿದ್ರೂ ಶ್ವಾಸಕೋಶಕ್ಕೆ ಹೋಗತ್ತೆ. ಸ್ವಲ್ಪ ಸ್ವಲ್ಪ ಹಚ್ತಾನೇ ಗಾಡಿ ಹತ್ತಿ, ಸರಿಹೋಗ್ಲಿ ಆಮೇಲೆ ಹೊರಡೋಣ ಅಂತ ಕಾಯ್ಬೇಡಿ.

ಜೇನುತುಪ್ಪ ಬಟ್ಟಲಲ್ಲಿ ಇಟ್ಟು ನೆಕ್ಲಿ ಅಂತ ಕೂತ್ಕೋಬೇಡಿ. ಬೆಕ್ಕಿಗೆ ಸಿಹಿ ರುಚಿನೇ ಗೊತ್ತಾಗಲ್ಲ, ಸಿಹಿ ಗುರುತಿಸೋ ಜೀನ್ ಅವುಗಳಲ್ಲಿ ಕೆಟ್ಟುಹೋಗಿದೆ ಅಂತ ವಿಜ್ಞಾನಿಗಳು 2005ರಲ್ಲೇ ತೋರಿಸಿದಾರೆ, ಹಂಗಾಗಿ ಆಸೆಪಟ್ಟು ನೆಕ್ಕತ್ತೆ ಅಂತ ನಂಬೋಕಾಗಲ್ಲ. ಶುಗರ್-ಫ್ರೀ ಅಂತ ಬರೆದಿರೋ ಸಿರಪ್ ಅಂತೂ ಮುಟ್ಟಲೇಬೇಡಿ, ಅದ್ರಲ್ಲಿ ಶುಗರ್ ಏರಿಸೋದು ಏನೂ ಇರಲ್ಲ.

ದಾರೀಲಿ ಸ್ವಲ್ಪ ಎಚ್ಚರ ಬಂತು, ತಲೆ ಎತ್ತಿ ನೋಡ್ತು, ಇನ್ನೇನು ಬದುಕ್ತು ಅಂದ್ಕೊಂಡೆ. ಹತ್ತೇ ನಿಮಿಷಕ್ಕೆ ಮತ್ತೆ ಬಿತ್ತು. ಜೇನು ಸ್ವಲ್ಪ ಹೊತ್ತಿಗೇ ಮುಗಿದುಹೋಗತ್ತೆ, ಇನ್ಸುಲಿನ್ ಒಳಗೆ ಗಂಟೆಗಟ್ಟಲೆ ಕೆಲ್ಸ ಮಾಡ್ತಾನೇ ಇರತ್ತೆ, ಇದು ನಂಗೆ ಆವತ್ತು ಅರ್ಥ ಆಗಿದ್ದು. ಆಸ್ಪತ್ರೇಲಿ ರಕ್ತನಾಳಕ್ಕೆ ಡೆಕ್ಸ್ಟ್ರೋಸ್, ಅಂದ್ರೆ ಗ್ಲುಕೋಸ್, ಕೊಟ್ಟು, ಡ್ರಿಪ್ ಹಾಕಿ, ರಾತ್ರಿಯೆಲ್ಲ ಅಲ್ಲೇ ಇಟ್ಕೊಂಡ್ರು. ಮನೆಗೆ ಬಂದ್ಮೇಲೂ ಎರಡು ದಿನ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ, ಗೋಡೆಗೆ ಹೋಗಿ ಗುದ್ಕೋತಿತ್ತು, ಅದನ್ನ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಮೂರನೇ ದಿನ ಕಿಟಕಿ ಮೇಲೆ ಹತ್ತಿ ಕೂತಿತ್ತು.

ಈಗ ಫ್ರಿಡ್ಜ್ ಬಾಗಿಲಿಗೇ ಕ್ಯಾಲೆಂಡರ್ ನೇತು ಹಾಕಿದೀವಿ. ಬಾಟಲಿ ತೆಗೆಯೋಕೆ ಮುಂಚೆ ಟಿಕ್ ನೋಡ್ಬೇಕು, ಚುಚ್ಚಿದ ತಕ್ಷಣ ಟಿಕ್ ಹಾಕ್ಬೇಕು, ಯಾರೇ ಆದ್ರೂ.

*

ಮೇಲೆ ಅಕ್ಕ ಹೇಳಿದ್ದಕ್ಕೆ ನಂದೂ ಸೇರಿಸ್ತೀನಿ. ಎಲ್ಲಾ ಬೆಕ್ಕೂ ಹಂಗೆ ಜೋರಾಗಿ ತೋರಿಸ್ಕೊಳ್ಳಲ್ಲ. ನಮ್ಮದು ಸುಮ್ನೆ ಮೂಲೇಲಿ ಮುದುಡ್ಕೊಂಡು ಕೂತಿತ್ತು, ದಿನಾ ಕೂರೋ ಹಂಗೇನೇ, ಮಾಮೂಲಿ ಟೈಮಿಗೆ ಅಂತ ಶುಗರ್ ಚೆಕ್ ಮಾಡಿದ್ರೆ ಮೀಟರಲ್ಲಿ 41 (mg/dL ಲೆಕ್ಕದಲ್ಲಿ)! ಬೆಕ್ಕಿಗೆ 60ಕ್ಕಿಂತ ಕೆಳಗೆ ಬಂದ್ರೆ ಲೋ ಅಂತಾನೇ ಲೆಕ್ಕ, ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸೋದಾದ್ರೆ 60 ಅಂದ್ರೆ 3.3. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಇರೋದಕ್ಕಿಂತ ಸ್ವಲ್ಪ ಕಮ್ಮಿ ತೋರಿಸತ್ತೆ, ಪ್ರಾಣಿಗಳಿಗೇ ಅಂತ ಬರೋ ಮೀಟರ್ ಬೇರೆ ಇದೆ, ಎರಡನ್ನೂ ಬದಲಾಯಿಸಿ ಬದಲಾಯಿಸಿ ಬಳಸಿದ್ರೆ ನಂಬರ್ ಗೊಂದಲ ಆಗತ್ತೆ, ಯಾವುದಾದ್ರೂ ಒಂದಕ್ಕೆ ಅಂಟ್ಕೊಳ್ಳಿ, ಯಾವುದು ಅಂತ ಡಾಕ್ಟ್ರಿಗೂ ಹೇಳಿರಿ. ತಿನ್ನೋ ಸ್ಥಿತೀಲಿ ಇತ್ತಲ್ಲ, ಊಟಕ್ಕೇ ಒಂಚೂರು ಜೇನು ಕಲ್ಸಿ ಕೊಟ್ಟೆ, ಹದಿನೈದು ಇಪ್ಪತ್ತು ನಿಮಿಷಕ್ಕೊಂದ್ಸಲ ಚೆಕ್ ಮಾಡ್ತಾ ಡಾಕ್ಟ್ರ ಜೊತೆ ಫೋನಲ್ಲೇ ಇದ್ದೆ.

ಆದ್ರೆ ಬೆಕ್ಕು ತೂರಾಡ್ತಿದ್ರೆ, ನಡುಗ್ತಿದ್ರೆ ಮೀಟರ್ ಹುಡುಕ್ತಾ ಸ್ಟ್ರಿಪ್ ಹುಡುಕ್ತಾ ಟೈಮ್ ಕಳೀಬೇಡಿ. ಮೊದ್ಲು ಸಿಹಿ, ಆಮೇಲೆ ನಂಬರ್. ಶುಗರ್ ಹೈ ಇದ್ದಾಗ ತಪ್ಪಾಗಿ ಜೇನು ಹೋದ್ರೆ ಒಂದು ದಿನಕ್ಕೆ ದೊಡ್ಡ ನಷ್ಟ ಏನಿಲ್ಲ, ಲೋ ಇದ್ದಾಗ ಕೊಡದೆ ಇದ್ರೆ ಮೆದುಳಿಗೇ ಪೆಟ್ಟು.

ನಮ್ಮದಕ್ಕೆ ಯಾಕೆ ಆಯ್ತು ಅಂದ್ರೆ ಒಣ ಊಟ ಬಿಡಿಸಿ ಕಾರ್ಬ್ ಕಮ್ಮಿ ಇರೋ ವೆಟ್ ಫುಡ್ ಶುರು ಮಾಡಿದ್ದೆ, ಒಳ್ಳೇದೇ ಮಾಡಿದ್ದು, ಆದ್ರೆ ಡಾಕ್ಟ್ರಿಗೆ ಹೇಳಿರ್ಲಿಲ್ಲ. ಊಟ ಬದಲಾದ್ರೆ ಬೇಕಾಗೋ ಇನ್ಸುಲಿನ್ನೂ ಇಳಿಯತ್ತೆ, ಡೋಸ್ ಮಾತ್ರ ಹಳೇದೇ ಇತ್ತು. ಕೆಲವು ಬೆಕ್ಕುಗಳಿಗೆ ಟ್ರೀಟ್‌ಮೆಂಟ್ ಶುರು ಆಗಿ ಕೆಲವು ತಿಂಗಳಲ್ಲೇ ಇನ್ಸುಲಿನ್ನೇ ಬೇಡ ಅನ್ನೋ ಹಂತ ಬರತ್ತೆ, ರೆಮಿಷನ್ ಅಂತಾರೆ. ನಮ್ಮದಕ್ಕೆ ಬಂತು. ಆ ಖುಷಿ ವಿಷಯಾನೇ ಗೊತ್ತಾಗದೆ ಹಳೇ ಡೋಸ್ ಚುಚ್ತಾ ಇದ್ರೆ ಅಪಾಯ, ಅದಕ್ಕೇ ಮನೇಲಿ ಚೆಕ್ ಮಾಡೋದು ಕಲೀಲೇಬೇಕು ಅಂತ ನಾನು ಎಲ್ಲರಿಗೂ ಹೇಳೋದು.

*

ಸಿರಿಂಜ್ ಒಂದ್ಸಲ ನೋಡಿ! ಯು-40, ಯು-100 ಅಂತ ಎರಡು ಥರ ಬರತ್ತೆ, ಅಂದ್ರೆ ಒಂದು ಎಂಎಲ್ ಇನ್ಸುಲಿನ್ನಲ್ಲಿ 40 ಯೂನಿಟ್ಟೋ 100 ಯೂನಿಟ್ಟೋ ಅಂತ, ಇನ್ಸುಲಿನ್ ಬಾಟಲಿ ಮೇಲೂ ಅದೇ ನಂಬರ್ ಇರ್ಬೇಕು. ಯು-100 ಇನ್ಸುಲಿನ್ನ ಯು-40 ಸಿರಿಂಜಲ್ಲಿ 1ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು ಎರಡೂವರೆ ಯೂನಿಟ್. ನಂಗೆ ಅಂಗಡೀಲಿ ಬೇರೆ ಪ್ಯಾಕೆಟ್ ಕೊಟ್ಟಿದ್ರು, ಅದೃಷ್ಟಕ್ಕೆ ಸೂಜಿ ಕ್ಯಾಪಿನ ಬಣ್ಣ ಬೇರೆ ಇದ್ದಿದ್ದಕ್ಕೆ ಅನುಮಾನ ಬಂತು.

*

ಇನ್ನೆರಡು ವಿಷಯ. ಒಂದು, ಲೋ ಆಗಿ ಸುಧಾರಿಸಿದ್ಮೇಲೆ ಶುಗರ್ ಸಿಕ್ಕಾಪಟ್ಟೆ ಮೇಲಕ್ಕೆ ಹೋಗ್ಬಹುದು, ನಮ್ಮದು ಸಾಯಂಕಾಲಕ್ಕೆ 420 ತೋರಿಸ್ತು. ಜೇನಿಂದ ಮಾತ್ರ ಅಲ್ಲ, ದೇಹಾನೇ ಹೆದರಿ ಲಿವರಲ್ಲಿ ಕೂಡಿಟ್ಟ ಸಕ್ಕರೇನ ಹೊರಗೆ ಬಿಡತ್ತೆ. ಅದನ್ನ ನೋಡಿ ಅಯ್ಯೋ ಹೈ ಆಯ್ತು ಅಂತ ನೀವೇ ಇನ್ಸುಲಿನ್ ಹಾಕ್ಬೇಡಿ, ಅಲ್ಲೇ ಎರಡನೇ ಸಲ ಬೀಳೋದು. ಹಂಗೇನೇ ಊಟ ಬಿಟ್ಟ ದಿನ, ವಾಂತಿ ಮಾಡ್ಕೊಂಡ ದಿನ ಕೇಳದೆ ಚುಚ್ಬೇಡಿ, ಸೂಜಿ ಒಳಗೆ ಹೋಯ್ತೋ ಕೂದಲಿಗೇ ಚೆಲ್ಲಿತೋ ಅನ್ನೋ ಅನುಮಾನ ಇದ್ದಾಗ ಮತ್ತೆ ಚುಚ್ಬೇಡಿ, ಡಾಕ್ಟ್ರನ್ನ ಕೇಳಿ. ಒಂದು ಡೋಸ್ ತಪ್ಪಿದ್ರೆ ಅದೇ ದಿನ ಪ್ರಾಣಕ್ಕೆ ಬರಲ್ಲ. ಹಂಗಂತ ಭಯಕ್ಕೆ ದಿನಗಟ್ಟಲೆ ನಿಲ್ಲಿಸೋದೂ ತಪ್ಪು, ಕೊಬ್ಬು ಕರಗಿ ಬರೋ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ಏರಿ ಅದೇ ಇನ್ನೊಂದು ಎಮರ್ಜೆನ್ಸಿ ಆಗತ್ತೆ.

ಇನ್ನೊಂದು, ನಿಮ್ಮ ಬೆಕ್ಕು ಹಿಂದಿನ ಕಾಲಲ್ಲಿ ದಿನಾನೂ ಹಿಮ್ಮಡಿ ನೆಲಕ್ಕೆ ಊರ್ಕೊಂಡು ನಡೀತಿದ್ರೆ ಅದು ಲೋ ಶುಗರ್ ಅಲ್ಲ, ಬಹಳ ದಿನ ಶುಗರ್ ಹೈ ಇದ್ದು ನರಕ್ಕೆ ಆಗಿರೋ ತೊಂದ್ರೆ ಇರ್ಬಹುದು, ಶುಗರ್ ಹಿಡಿತಕ್ಕೆ ಬಂದ್ರೆ ಎಷ್ಟೋ ಸಲ ನಿಧಾನಕ್ಕೆ ಸುಧಾರಿಸತ್ತೆ. ನಿಮ್ಮದು ಇದ್ದಕ್ಕಿದ್ದಂಗೆ ಬಂದು ಊಟ ಮಾಡಿದ್ಮೇಲೆ ಹೋಯ್ತು ಅಂದ್ರಲ್ಲ, ಅದಕ್ಕೇ ಎಲ್ಲರೂ ಲೋ ಅಂತಿರೋದು. ಯಾವುದಕ್ಕೂ ಒಂದು ವಿಡಿಯೋ ಮಾಡಿಟ್ಕೊಳ್ಳಿ, ಡಾಕ್ಟ್ರಿಗೆ ತೋರಿಸೋಕೆ.

*

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ಬೆಳಗ್ಗೇನೇ ಡಾಕ್ಟ್ರಿಗೆ ಫೋನ್ ಮಾಡ್ದೆ, ಲೋ ಆಗಿರೋದೇ ಅಂದ್ರು, ಡೋಸ್ ಅರ್ಧ ಮಾಡಿದ್ರು, ಮೀಟರ್ ತಗೊಳ್ಳಿ ಅಂದ್ರು. ಸಿರಿಂಜ್ ನೋಡ್ದೆ, ಸರಿಯಾಗೇ ಇದೆ. ಕಿವಿ ಅಂಚಿಂದ ರಕ್ತ ತೆಗೆಯೋಕೆ ಮೂರು ಸಲ ಚುಚ್ಚಿದ್ರೂ ಬರ್ಲಿಲ್ಲ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಕಿವಿ ಒಂದು ನಿಮಿಷ ಬೆಚ್ಚಗೆ ಮಾಡಿದ್ಮೇಲೆ ನಾಲ್ಕನೇ ಸಲಕ್ಕೆ ಬಂತು, ಪಾಪ ಅದು ಒಂಚೂರೂ ಕೊಸರಾಡ್ಲಿಲ್ಲ. ಇಂಜೆಕ್ಷನ್ ಆಗಿ ಆರು ಗಂಟೆಗೆ 148. ಜೇನಿನ ಬಾಟಲಿ, ಡಾಕ್ಟ್ರ ನಂಬರ್, ರಾತ್ರಿ ತೆರೆದಿರೋ ಆಸ್ಪತ್ರೆ ನಂಬರ್ ಎಲ್ಲಾ ಒಂದೇ ಡಬ್ಬೀಲಿ ಹಾಕಿ ಹಾಸಿಗೆ ಪಕ್ಕ ಇಟ್ಕೊಂಡಿದೀನಿ. ಈಗ ನನ್ನ ಕಾಲ ಹತ್ರಾನೇ ಮಲಗಿದೆ, ಎರಡು ಗಂಟೆಗೆ ಅಲಾರಂ ಇಟ್ಟಿದೀನಿ, ಎದ್ದು ಒಂದ್ಸಲ ಮುಟ್ಟಿ ನೋಡ್ತೀನಿ.