ಹಳೆ ಡೆಸ್ಕ್‌ಟಾಪ್‌ಗೆ ಉಬುಂಟು ಸರ್ವರ್: ಅರ್ಧಕ್ಕೇ ನಿಲ್ಲುತ್ತಿದೆ, ಮೊದಲು ಏನು ನೋಡಬೇಕು?

ಬನಹಟ್ಟಿ_ಮಗ್ಗ:
ಬನಹಟ್ಟಿಯಲ್ಲಿ ನಮ್ಮದು ಎಂಟು ಪವರ್‌ಲೂಮ್‌ಗಳ ಸಣ್ಣ ಶೆಡ್. ಲೆಕ್ಕದ ಫೈಲು, ಸೀರೆ ಡಿಸೈನು ಎಲ್ಲ ಎರಡು ಲ್ಯಾಪ್‌ಟಾಪ್, ಮೂರು ಪೆನ್‌ಡ್ರೈವ್‌ಗಳಲ್ಲಿ ಹಂಚಿಹೋಗಿವೆ. ಒಂದೇ ಕಡೆ ಇಡೋಣ ಅಂತ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಡೆಸ್ಕ್‌ಟಾಪ್ ಎತ್ತಿಕೊಂಡೆ. ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಉಬುಂಟು ಸರ್ವರ್ 24.04 (ಸರ್ವರ್‌ಗೆಂದೇ ಇರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಲು ಎರಡು ರಾತ್ರಿ ಕೂತೆ. ಎರಡೂ ಸಲ ಫೈಲ್ ಕಾಪಿ ಆಗುವಾಗಲೇ ನಿಂತಿತು. ಪೆನ್‌ಡ್ರೈವ್ ಬದಲಿಸಿದರೂ ಅದೇ ಕಥೆ. ಕರೆಂಟ್ ಹೋಗಿ ಬಂದರೆ ತಾರೀಖು 2013ಕ್ಕೆ ಹೋಗಿ ಕೂತಿರುತ್ತೆ, ಅದು ಬೇರೆ. ಮಷಿನ್ ಹಳೇದಾಯ್ತು ಅಂತ ಬಿಟ್ಟುಬಿಡಲಾ?

ಗುಮ್ಮಟದ_ಸದ್ದು, ವಿಜಯಪುರ:
ಬಿಡಬೇಡಿ. ಕ್ಯಾಬಿನೆಟ್ ತೆಗೆದು ನೋಡಿದಿರಾ? ಮಗ್ಗದ ಶೆಡ್ಡಿನ ಮಷಿನ್ ಅಂದರೆ ಫ್ಯಾನ್ ತುಂಬ ಹತ್ತಿ ಇರುತ್ತೆ. ಗಾಳಿ ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ತಿರುಗಲು ಬಿಡಬೇಡಿ. ತಾರೀಖಿನ ಕಥೆ ಸಲೀಸು: ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಸತ್ತಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತೆ.

ಆಮೇಲೆ ಡೌನ್‌ಲೋಡ್ ಮಾಡಿದ ಐಎಸ್‌ಒ (ಇನ್‌ಸ್ಟಾಲ್) ಫೈಲಿನ ಎಸ್‌ಎಚ್‌ಎ256, ಅಂದರೆ ಫೈಲು ಕೆಡದೆ ಬಂದಿದೆಯಾ ಅಂತ ತಾಳೆ ನೋಡುವ ಸಂಖ್ಯೆ, ಸರಿಯಿದೆಯಾ ನೋಡಿ. ಫೈಲೇ ಕೆಟ್ಟಿದ್ದರೆ ಪೆನ್‌ಡ್ರೈವ್ ಎಷ್ಟು ಬದಲಿಸಿ ಏನು ಬಂತು? ರಾತ್ರಿ ಮೆಮ್‌ಟೆಸ್ಟ್86+ (ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ) ಹಚ್ಚಿ ಮಲಗಿ. ಒಂದು ಸುತ್ತಾದರೂ ಪೂರ್ತಿ ಆಗಬೇಕು. ಒಂದೇ ಒಂದು ಕೆಂಪು ಸಾಲು ಕಂಡರೂ ರ್‍ಯಾಮ್ ಅನುಮಾನ.

ನನ್ನ ಅನುಮಾನ ಮಾತ್ರ ಡಿಸ್ಕ್ ಮೇಲೆ. ಉಬುಂಟು ಡೆಸ್ಕ್‌ಟಾಪನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ‘ಡಿಸ್ಕ್ಸ್’ ತೆರೆದು, ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಆರೋಗ್ಯ ತಾನೇ ಬರೆದಿಡುವ ಪಟ್ಟಿ) 5 ಮತ್ತು 197ನೇ ಸಾಲು ನೋಡಿ, ಡಿಸ್ಕಿನಲ್ಲಿ ಕೆಟ್ಟ ಮತ್ತು ಅನುಮಾನದ ಜಾಗಗಳ ಲೆಕ್ಕ ಅದು. ಸೊನ್ನೆ ಇದ್ದರೆ ಒಳ್ಳೇದು.

ಕುಂದಾ_ಪ್ರಿಯ, ಬೆಳಗಾವಿ:
ಮೇಲಿನವರು ಕೇಳೋದನ್ನ ಮರೆತರು: ಹಳೇ ಡಾಟಾ ತೆಗೆದಿಟ್ಟಿದ್ದಿರಾ? ಎರಡು ಸಲ ‘ಪೂರ್ತಿ ಡಿಸ್ಕ್ ಬಳಸು’ ಅಂತ ಒತ್ತಿದ್ದರೆ ಅದು ಹೋದ ಹಾಗೇ ಲೆಕ್ಕ.

ಬಯೋಸ್‌ನಲ್ಲಿ (ಮಷಿನ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಎರಡು ಕೆಲಸ. ಡಿಸ್ಕ್ ಜೋಡಣೆಯ ಸೆಟ್ಟಿಂಗ್ ಆದ ಸಾಟಾ ಮೋಡ್ ‘ಎಎಚ್‌ಸಿಐ’ ಅಂತ ಇರಲಿ. ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಆಯ್ಕೆ ಹುಡುಕಿ, ನಮ್ಮ ಕಡೆ ಕರೆಂಟಿನ ಪಾಡು ಗೊತ್ತಲ್ವಾ. ಬ್ಯಾಟರಿ ಬದಲಿಸಿದ ಮೇಲೇ ಇದನ್ನ ಮಾಡಿ, ಇಲ್ಲಾಂದ್ರೆ ಸೆಟ್ಟಿಂಗ್ ಅಳಿಸಿಹೋಗುತ್ತೆ. ಯುಪಿಎಸ್ ಇಲ್ಲದೆ ಇನ್‌ಸ್ಟಾಲ್‌ಗೆ ಕೂರಲೇಬೇಡಿ. ವೈಫೈ ಬೇಡ, ಕೇಬಲ್ ಎಳೆಯಿರಿ.

ಇನ್ನೊಂದು. ಡಿಸ್ಕ್ ದೊಡ್ಡದಿದ್ದರೆ ಇನ್‌ಸ್ಟಾಲರ್ ಎಲ್‌ವಿಎಂನಲ್ಲಿ (ಡಿಸ್ಕಿನ ಜಾಗ ಹಂಚುವ ವ್ಯವಸ್ಥೆ) ರೂಟ್‌ಗೆ, ಅಂದರೆ ಸಿಸ್ಟಮ್ ಕೂರುವ ಮುಖ್ಯ ಭಾಗಕ್ಕೆ, 100 ಜಿಬಿ ಮಾತ್ರ ಕೊಟ್ಟು ಉಳಿದದ್ದನ್ನ ಖಾಲಿ ಬಿಡುತ್ತೆ. ಆ ಪರದೆಯಲ್ಲಿ ನಿಂತು ಓದಿ, ಎಂಟರ್ ಒತ್ತುತ್ತಾ ಹೋಗಬೇಡಿ. ನಾನು ಹೋಗಿದ್ದೆ. ಎಂಟು ತಿಂಗಳಾದ ಮೇಲೆ ‘ಜಾಗ ಇಲ್ಲ’ ಅಂದಾಗ ಗೊತ್ತಾಯ್ತು.

ಬನಹಟ್ಟಿ_ಮಗ್ಗ:
ಬಂದೆ. ಸಿಪಿಯು ಫ್ಯಾನ್ ಕೆಳಗೆ ಹತ್ತಿ ಕಂಬಳಿ ಹಾಗೆ ಕೂತಿತ್ತು. ಇಕ್ಕಳದಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು. ಅವ್ವ ನೋಡಿ, ‘ಕಾರ್ತಿಕಕ್ಕೆ ಹೂಬತ್ತಿ ಆಗ್ತಾವು, ಇಡು’ ಅಂದಳು.

ಎಸ್‌ಎಚ್‌ಎ ಸರಿ ಇತ್ತು. ರ್‍ಯಾಮ್ ಪಾಸು. ಆದರೆ 197ನೇ ಸಾಲಿನಲ್ಲಿ 312! ಆ ಡಿಸ್ಕ್ ತೆಗೆದಿಟ್ಟು 500 ಜಿಬಿ ಎಸ್‌ಎಸ್‌ಡಿ ಹಾಕಿದೆ, ಬ್ಯಾಟರಿಯೂ ಹೊಸದು. 100 ಜಿಬಿ ಪರದೆಯಲ್ಲಿ ನಿಂತು ಓದಿ, ಪೂರ್ತಿ ಜಾಗ ಕೊಟ್ಟೆ. ಬೇರೆ ಮಷಿನ್‌ನಿಂದ ಲಾಗಿನ್ ಆಗಲು ಬಿಡುವ ಓಪನ್‌ಎಸ್‌ಎಸ್‌ಎಚ್‌ಗೆ ಟಿಕ್ ಹಾಕಿದ್ದರಿಂದ ಈಗ ಮಾನಿಟರ್ ಬಿಚ್ಚಿ, ಲ್ಯಾಪ್‌ಟಾಪ್‌ನಿಂದಲೇ ಲಾಗಿನ್ ಆಗಿ ಕೂತಿದ್ದೇನೆ. ಮಷಿನ್ ಶೆಡ್ಡಿನಿಂದ ಮನೆಯ ಅಟ್ಟಕ್ಕೆ ಹೋಯಿತು. ಸರ್ವರ್ ಹೆಸರು ‘ಲಾಳಿ’.

ಕುಂದಾ ಅಣ್ಣಾ, ಹಳೇ ಡಾಟಾ ಹೋಗಿದೆ. ಅದರಲ್ಲಿ ಅಪ್ಪನ ನಾಲ್ಕು ವರ್ಷದ ಅಂಚಿನ ಡಿಸೈನ್‌ಗಳಿದ್ದವು. ಒಂದಿಷ್ಟು ಪೆನ್‌ಡ್ರೈವ್‌ಗಳಲ್ಲಿ ಸಿಕ್ಕಿವೆ. ಉಳಿದದ್ದರ ಬಗ್ಗೆ ಅಪ್ಪನಿಗೆ ಇನ್ನೂ ಹೇಳಿಲ್ಲ.