ಬಯೋಸ್ ಅಪ್‌ಡೇಟ್ ಮಾಡಿದರೆ ರ‍್ಯಾಮ್ ಮಿತಿ ಏರುತ್ತಾ? (ವಿಜಯಪುರ-ಬಾಗಲಕೋಟೆ ಕಂಪ್ಯೂಟರ್ ಗುಂಪಿನ ಪ್ರಶ್ನೋತ್ತರ)

ಜೆರಾಕ್ಸ್ ಅಂಗಡಿಯವರು, ವಿಜಯಪುರ: ಸರ್ ನಮಸ್ಕಾರ. ಹಳೆಯ ಲ್ಯಾಪ್‌ಟಾಪ್, ಇಂಟೆಲ್ 945 ಚಿಪ್‌ಸೆಟ್. 4 ಜಿಬಿ ಹಾಕಿಸಿದೆ, 3 ಜಿಬಿ ಚಿಲ್ಲರೆ ತೋರಿಸುತ್ತಿದೆ. ಬಯೋಸ್ ಅಪ್‌ಡೇಟ್ ಮಾಡಿಸಿದರೆ 8 ಜಿಬಿ ತನಕ ಹೋಗುತ್ತಾ?

ರಿಪೇರಿಯವರು: ನಮಸ್ಕಾರ ರೀ. ಹೋಗುವುದಿಲ್ಲ. 945 ಅಂದರೆ ನಿಮ್ಮ ಬೋರ್ಡಿನಲ್ಲಿ ರ‍್ಯಾಮ್ ನೋಡಿಕೊಳ್ಳುವ ಚಿಪ್‌ಸೆಟ್. ಅದಕ್ಕೆ ಒಟ್ಟು 4 ಜಿಬಿ ಮೆಮೊರಿ ವಿಳಾಸ ಮಾತ್ರ ಗೊತ್ತು. ಗ್ರಾಫಿಕ್ಸ್, ಪಿಸಿಐ (ಬೋರ್ಡಿಗೆ ಜೋಡಿಸಿದ) ಸಾಧನಗಳಿಗೂ ಅದರಲ್ಲೇ ಜಾಗ ಕೊಡಬೇಕು. ಉಳಿದದ್ದೇ ನಿಮಗೆ ಕಾಣುತ್ತಿರುವುದು. ಬಯೋಸ್ ಅಂದರೆ ಮಷಿನ್ ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ. ಅದು ಬದಲಾದರೂ ಚಿಪ್‌ಸೆಟ್ ಅದೇ ಇರುತ್ತದೆ. 64 ಬಿಟ್ ವಿಂಡೋಸ್ ಹಾಕಿದರೂ ಅಷ್ಟೇ.

ಶಿಕ್ಷಕರು, ಮುದ್ದೇಬಿಹಾಳ: ನನ್ನದು ಎಚ್61 ಬೋರ್ಡ್, 32 ಬಿಟ್ ವಿಂಡೋಸ್. ನನಗೂ 4ರಲ್ಲಿ 3.2 ಜಿಬಿ ಮಾತ್ರ. ಬಯೋಸ್ ಹಾಕಿಸಲಾ?

ರಿಪೇರಿಯವರು: ಬೇಡ. ನಿಮ್ಮಲ್ಲಿ ಅಡ್ಡಿ ಚಿಪ್‌ಸೆಟ್‌ನದಲ್ಲ, 32 ಬಿಟ್ ವಿಂಡೋಸ್‌ನದು. 64 ಬಿಟ್ ವಿಂಡೋಸ್ ಹಾಕಿಸಿ, ಸರಿಹೋಗುತ್ತದೆ. ನಿಮ್ಮ ಬೋರ್ಡ್ 16 ಜಿಬಿ ತನಕ ತೆಗೆದುಕೊಳ್ಳುತ್ತದೆ.

ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ: ಸರ್, ಬಯೋಸ್‌ನಿಂದ ಆಗುವುದೇ ಇಲ್ಲ ಅಂದರೆ ಹೇಗೆ? 128 ಜಿಬಿ ಇದ್ದ ಬೋರ್ಡ್‌ಗಳು ಅಪ್‌ಡೇಟ್ ಆದ ಮೇಲೆ 192 ಜಿಬಿ ತೆಗೆದುಕೊಳ್ಳುತ್ತಿವೆಯಲ್ಲ?

ರಿಪೇರಿಯವರು: ಆಗುವುದೇ ಇಲ್ಲ ಅಂತ ನಾನು ಹೇಳಿಲ್ಲ ತಮ್ಮಾ, 945ಕ್ಕೆ ಆಗುವುದಿಲ್ಲ ಅಂದೆ. ನೀನು ಹೇಳುವುದು ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಬೋರ್ಡ್. 2023ರಲ್ಲಿ 48 ಜಿಬಿಯ ರ‍್ಯಾಮ್ ಕಡ್ಡಿ ಮಾರುಕಟ್ಟೆಗೆ ಬಂತು, ನಾಲ್ಕು ಹಾಕಿದರೆ 192. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ (ರ‍್ಯಾಮ್ ನೋಡಿಕೊಳ್ಳುವ ಭಾಗ) ಅದನ್ನು ನಡೆಸುವ ಶಕ್ತಿ ಮೊದಲೇ ಇತ್ತು, ಬಯೋಸ್‌ಗೆ ಮಾತ್ರ ಪರಿಚಯ ಇರಲಿಲ್ಲ. ಅಪ್‌ಡೇಟ್ ಆ ಪರಿಚಯ ಮಾಡಿಸಿತು. 2008ರ ಕೊನೆಯ ಅಲ್ಯುಮಿನಿಯಂ ಮ್ಯಾಕ್‌ಬುಕ್ ಕೂಡ ಹೀಗೇ. ಆ್ಯಪಲ್ ಕಂಪನಿ 4 ಜಿಬಿ ಅಂದಿತ್ತು, ಫರ್ಮ್‌ವೇರ್ (ಅದರ ಬಯೋಸ್ ಅನ್ನಿ) ಹೊಸದಾದ ಮೇಲೆ 8 ಜಿಬಿ ನಡೆಯಿತು. ಕಂಟ್ರೋಲರ್‌ಗೇ ತಾಕತ್ತಿಲ್ಲದಿದ್ದರೆ ಯಾವ ಫೈಲೂ ತಂದುಕೊಡುವುದಿಲ್ಲ. ಹಳೆಯ ಇಂಟೆಲ್‌ಗಳಲ್ಲಿ ಆ ಕಂಟ್ರೋಲರ್ ಬೋರ್ಡಿನ ಚಿಪ್‌ಸೆಟ್‌ನಲ್ಲಿತ್ತು. 2008ರ ನಂತರ ಪ್ರೊಸೆಸರ್ ಒಳಗೆ ಬರತೊಡಗಿತು. ಮೊದಲು ಮಷಿನ್‌ನ ಕಂಟ್ರೋಲರ್ ಯಾವುದು ಅಂತ ನೋಡಬೇಕು.

ಸದಸ್ಯರು, ಇಂಡಿ: ಫಾರ್ವರ್ಡ್ ಬಂದಿದೆ: "ಎಂಎಸ್‌ಕಾನ್ಫಿಗ್ ತೆರೆದು ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಹಾಕಿ 8192 ಬರೆಯಿರಿ, ರ‍್ಯಾಮ್ ದುಪ್ಪಟ್ಟು." ಎಲ್ಲರೂ ಮಾಡಿ.

ರಿಪೇರಿಯವರು: ಯಾರೂ ಮಾಡಬೇಡಿ. ಎಂಎಸ್‌ಕಾನ್ಫಿಗ್ ವಿಂಡೋಸ್‌ನ ಒಂದು ಸೆಟ್ಟಿಂಗ್ ಕಿಟಕಿ. ಅದರಲ್ಲಿ ಆ ಟಿಕ್ ಇರುವುದು ರ‍್ಯಾಮ್ ಕಡಿಮೆ ಮಾಡಿ ಪರೀಕ್ಷಿಸಲು. ಜಾಸ್ತಿ ಮಾಡಲು ಅಲ್ಲ. ತಪ್ಪು ಅಂಕಿ ಬಿದ್ದರೆ ಇರುವ ರ‍್ಯಾಮೂ ಪೂರ್ತಿ ಸಿಗುವುದಿಲ್ಲ. ಓದದೆ ಕಳಿಸಬೇಡಿ.

ಡಿಟಿಪಿ ಕೆಲಸದವರು, ನವನಗರ, ಬಾಗಲಕೋಟೆ: ಸರ್, ನನ್ನದು ಜಿ41 ಬೋರ್ಡ್, ಡಿಡಿಆರ್3. ಎರಡು 4 ಜಿಬಿ ಹೊಸ ಕಡ್ಡಿ ತಂದೆ. ಹಾಕಿದರೆ ಬೀಪ್ ಅಂತದೆ, ಪರದೆ ಬರೋದಿಲ್ಲ. ಪರಿಚಯದವರೊಬ್ಬರು ಬೇರೆ ಮಾಡೆಲ್‌ನ ಬಯೋಸ್ ಫೈಲ್ ಕಳಿಸಿ, "ಇದು ಹಾಕಿದರೆ 16 ಜಿಬಿ ಆಗ್ತದೆ" ಅಂದರು. ಇವತ್ತು ರಾತ್ರಿ ಹಾಕಬೇಕು ಅಂತಿದ್ದೇನೆ. ಮದುವೆ ಪತ್ರಿಕೆ ಕೆಲಸ ಎಲ್ಲಾ ಇದರಲ್ಲೇ ಇದೆ.

ರಿಪೇರಿಯವರು: ಅಕ್ಕಾವ್ರೇ, ದಯವಿಟ್ಟು ಆ ಫೈಲ್ ಹಾಕಬೇಡಿ. ಬೇರೆ ಮಾಡೆಲ್‌ನ ಬಯೋಸ್ ಹಾಕಿದರೆ ಬೋರ್ಡ್ ಚಾಲೂ ಆಗದೆ ಹೋಗಬಹುದು. ಆಮೇಲೆ ಬಯೋಸ್ ಚಿಪ್ಪಿಗೆ ಪ್ರೋಗ್ರಾಮರ್ ಅನ್ನುವ ಸಾಧನ ಹಚ್ಚಿ ಮತ್ತೆ ಬರೆಯಬೇಕು, ಕೆಲಸ ದಿನಗಟ್ಟಲೆ ನಿಲ್ಲುತ್ತದೆ. ಬರೆಯುವಾಗ ನಡುವೆ ಕರೆಂಟ್ ಹೋದರೂ ಅದೇ ಗತಿ. ನಮ್ಮ ಕಡೆ ಕರೆಂಟ್ ಹೇಗೆ ಹೋಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಯುಪಿಎಸ್ ಇಲ್ಲದೆ ಬಯೋಸ್ ಬರೆಯಲೇಬಾರದು, ಸರಿಯಾದ ಫೈಲ್ ಇದ್ದರೂ.

ಜಿ41 ಹೆಚ್ಚೆಂದರೆ 8 ಜಿಬಿ. 16 ಅನ್ನುವುದು ಸುಳ್ಳು. ಆದರೆ ನಿಮ್ಮ 8 ಜಿಬಿ ಆಸೆ ತಪ್ಪಲ್ಲ. ಕಡ್ಡಿ ಕೈಯಲ್ಲಿ ಹಿಡಿದು ಎರಡೂ ಬದಿಯ ಕಪ್ಪು ಚಿಪ್ ಎಣಿಸಿ. ಒಟ್ಟು 8 ಇದ್ದರೆ ಒಂದೊಂದು ಚಿಪ್ 512 ಎಂಬಿಯದು, ಅಷ್ಟು ದೊಡ್ಡ ಚಿಪ್ ಜಿ41ಗೆ ಅರ್ಥವಾಗುವುದಿಲ್ಲ. 16 ಇದ್ದರೆ 256 ಎಂಬಿಯವು, ಅವು ಸಾಮಾನ್ಯವಾಗಿ ನಡೆಯುತ್ತವೆ. ಎಣಿಸಿ ಹೇಳಿ. ಅದಕ್ಕೂ ಮೊದಲು ಹಳೆಯ ಕಡ್ಡಿ ಹಾಕಿ, ಫೈಲ್‌ಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ಸದಸ್ಯರು, ಜಮಖಂಡಿ: ಇಷ್ಟೆಲ್ಲ ಯಾಕೆ? ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ 2 ಜಿಬಿ ಸಾಕು.

ಪ್ರೆಸ್‌ನವರು, ಇಳಕಲ್: ನುಡಿ ಫಾಂಟಿನ ಹಳೆ ಫೈಲ್ ಅದರಲ್ಲಿ ನೀವು ತೆರೆದುಕೊಡ್ತೀರಾ?

ಜಮಖಂಡಿ: ಯೂನಿಕೋಡ್‌ಗೆ ಬನ್ನಿ, ಎಷ್ಟು ದಿನ ಹಳೇದು ಹಿಡಿದುಕೊಂಡು ಕೂರ್ತೀರಿ?

ಇಳಕಲ್: ಗಿರಾಕಿ ಕೊಡುವ ಫೈಲ್ ಹಳೇದೇ ಇರ್ತದೆ. ಅಂಗಡಿ ನಡೆಸಿ ನೋಡಿ, ಆಮೇಲೆ ಹೇಳಿ.

ಜಮಖಂಡಿ: ಕಲಿಯೋಕೆ ಮನಸ್ಸಿಲ್ಲ ಅನ್ನಿ.

ರಿಪೇರಿಯವರು: ಇಬ್ಬರೂ ಬೇರೆ ಕಡೆ ಮಾತಾಡಿಕೊಳ್ಳಿ. ಇಲ್ಲಿ ಒಬ್ಬರ ಹೊಟ್ಟೆಪಾಡಿನ ಮಷಿನ್ ನಿಂತಿದೆ.

ಸದಸ್ಯರು, ಸಿಂದಗಿ: ಸರ್, ನನ್ನ ಹತ್ತಿರ ಹಳೆ ಬೋರ್ಡ್ ಇದೆ, ಎಷ್ಟಕ್ಕೆ ಹೋಗಬಹುದು?

ಸದಸ್ಯರು, ತಾಳಿಕೋಟೆ: 32 ಬಿಟ್ ವಿಂಡೋಸ್, 4 ಜಿಬಿ ಹಾಕಿದರೆ 3.2 ತೋರಿಸ್ತದೆ. ಬಯೋಸ್?

ರಿಪೇರಿಯವರು: ಮೇಲೆ ಓದಿ.

ತಾಳಿಕೋಟೆ: ಒಂದು ಮಾತಲ್ಲಿ ಹೇಳಿದರೆ ಏನಾಗ್ತದೆ ಸರ್?

ರಿಪೇರಿಯವರು: ಹೇಳಿದ್ದೇನೆ. ಮುದ್ದೇಬಿಹಾಳದ ಸರ್‌ಗೆ ಕೊಟ್ಟ ಉತ್ತರ.

ನವನಗರ: ಸರ್, ಎಣಿಸಿದೆ. ಒಂದು ಬದಿಗೆ 8, ಇನ್ನೊಂದು ಬದಿ ಖಾಲಿ.

ರಿಪೇರಿಯವರು: ಹಾಗಾದರೆ ಬೀಪ್‌ಗೆ ಅದೇ ಕಾರಣ. ಕಡ್ಡಿ ವಾಪಸ್ ಕೊಡಿ, ಎರಡೂ ಬದಿಗೆ ಎಂಟೆಂಟು ಚಿಪ್ ಇರುವುದನ್ನೇ ಕೇಳಿ. ಅಂಗಡಿಯಲ್ಲೇ ಎಣಿಸಿ ತನ್ನಿ. ಒಂದು ಹಾಕಿ ಚಾಲೂ ಮಾಡಿ ನೋಡಿ, ಆಮೇಲೆ ಎರಡನೆಯದು. ಆ ಫೈಲ್ ಅಳಿಸಿಬಿಡಿ.