ಮಗ ಕುಡಿಯಕ್ಕೆ ಶುರು ಮಾಡಿದಾನೆ, ಯಾರನ್ನ ಕೇಳೋದು?

ಮಧುಗಿರಿ ಮಗಳು: ಎಲ್ರಿಗೂ ನಮಸ್ಕಾರ, ನಾವೀಗ ನ್ಯೂಜೆರ್ಸಿ. ಮಗನಿಗೆ 19. ಹಾಸ್ಟೆಲ್ ರೂಮಲ್ಲಿ ಬಾಟ್ಲಿ ಸಿಕ್ತು ಅಂತ ಕಾಲೇಜಿಂದ ಪತ್ರ ಬಂದಿದೆ. ಕೇಳಿದ್ರೆ, ಇಂಡಿಯನ್ಸ್ ಅಂದ್ರೆ ಬರೀ ಓದೋ ಮಷೀನು, ಪಾರ್ಟಿ ಅಂದ್ರೆ ಏನ್ ಗೊತ್ತು ಅಂತ ದಿನಾ ಆಡ್ಕೋತಾರಂತೆ, ಅದಕ್ಕೇ ತೋರ್ಸಣ ಅಂತ ಕುಡಿದ್ನಂತೆ. ಈಗ ಮಾತೆತ್ತಿದ್ರೆ ಸಿಡುಕು, ಮೊನ್ನೆ ಫೋನ್ ಗೋಡೆಗೆ ಎಸೆದ. ಯಾರ ಹತ್ರ ತೋರಿಸ್ಬೇಕು?

ಗೌರಿಬಿದನೂರು ಗೌಡ್ರು: ಎರಡು ವರ್ಷ ಊರಿಗೆ ಕಳ್ಸಮ್ಮ. ರಾತ್ರಿ ಕರೆಂಟ್ ಬಂದಾಗ ಎದ್ದು ಮೋಟ್ರು ಹಾಕಿ ಮೆಕ್ಕೆಜೋಳಕ್ಕೆ ನೀರು ಕಟ್ಟಿದ್ರೆ ಎಲ್ಲಾ ಇಳಿಯುತ್ತೆ. ನನ್ ಮಗ ಡಲ್ಲಾಸಲ್ಲೇ ಬೆಳ್ದಿದ್ದು, ಮುದ್ದೆ ತಿಂದು ಬೆಳ್ದ, ಒಂದು ತೊಟ್ಟು ಮುಟ್ಟಿಲ್ಲ.

ಮುಳಬಾಗಿಲು ದೋಸೆ: ಊರಲ್ಲಿ ಕುಡಿಯಲ್ವಾ ಗೌಡ್ರೆ? 2007ರಲ್ಲಿ ಸಾರಾಯಿ ನಿಂತ್ರೂ ಬಾರ್ ನಿಂತಿಲ್ಲ. ಅಕ್ಕ, ನಾನು ಇಲ್ಲಿ ಕುಡಿತ ಬಿಡಿಸೋ ವಾರ್ಡಲ್ಲಿ ನರ್ಸು. ಜನ ನನ್ನ ಏನಂದ್ಕೋತಾರೋ ಅಂತ ಇಡೀ ದಿನ ಬಿಗಿಹಿಡ್ಕೊಂಡಿದ್ರೆ ಆಮೇಲೆ ಆ ಹಿಡಿತ ಬೇರೆ ಕಡೆ ಜಾರುತ್ತೆ. 2010ರಲ್ಲಿ ಇನ್‌ಜ್ಲಿಕ್ಟ್, ಕಾಂಗ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿದ್ರು, ಹೆಂಗಸ್ರಿಗೆ ಗಣಿತ ಬರಲ್ಲ ಅನ್ನೋ ಮಾತಿನ ಒತ್ತಡದಲ್ಲಿ ಪರೀಕ್ಷೆ ಬರೆದೋರು ಆಮೇಲೆ ಜಾಸ್ತಿ ಸಿಡುಕಿದ್ರು, ಐಸ್‌ಕ್ರೀಮೂ ಜಾಸ್ತಿ ತಿಂದ್ರು. ನಿಮ್ಮ ಹುಡುಗಂದು ಫೋನು, ಬಾಟ್ಲಿ. ದುಡುಕು ತಡೆಯೋ ಮಿದುಳಿನ ಮುಂಭಾಗ ಬಲಿಯೋದೇ 25ರ ಹತ್ರ. ಕಾಲೇಜ್ ಕೌನ್ಸೆಲಿಂಗ್ ಸೆಂಟರ್‌ಗೆ ಅವನೇ ಫೋನ್ ಮಾಡ್ಲಿ, ನೀವು ಮಾತಾಡ್ಬೇಡಿ. ನಿಮಗೇ ಕೇಳ್ಬೇಕಿದ್ರೆ ಅಮೆರಿಕ ಸರ್ಕಾರದ ಸಹಾಯವಾಣಿ 1-800-662-4357, ದುಡ್ಡಿಲ್ಲ, ರಾತ್ರಿನೂ ಎತ್ತುತಾರೆ.

ಶಿಡ್ಲಘಟ್ಟ ರೇಷ್ಮೆ: ಹೊರಗಿನೋರು ಮಾತ್ರ ಅಲ್ಲ ಕಣ್ರಿ. ನಮ್ಮನೇ ಪೂಜೆ ಮುಗಿದ್ ಮೇಲೆ ಗಂಡಸ್ರು ಗ್ಯಾರೇಜಲ್ಲಿ ಸ್ಕಾಚ್ ಹಿಡ್ಕೊಂಡು ಮಕ್ಕಳ ಮಾರ್ಕ್ಸ್ ಹೋಲ್ಸೋರು, ನನ್ ಮಗಳು ಆ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡು ಬೆಳ್ದಳು. ಈಗ ಸಿಯಾಟಲ್‌ನಲ್ಲಿದಾಳೆ, ಹಬ್ಬಕ್ಕೂ ಬರಲ್ಲ.

ಗೌರಿಬಿದನೂರು ಗೌಡ್ರು: ಪ್ರಯೋಗ ಗಿಯೋಗ ಎಲ್ಲಾ ನೆಪ. ನಾನು ಬಂದಾಗ ನನ್ ಇಂಗ್ಲಿಷ್ ಕೇಳಿ ಆಫೀಸೇ ನಗ್ತಿತ್ತು, ನಾನ್ ಕುಡಿದ್ನಾ? ಸಂಸ್ಕಾರ ಇರ್ಬೇಕು ಅಷ್ಟೇ.

ಕುಣಿಗಲ್ ಕುದುರೆ: ಸೂಪರ್ ಹೇಳಿದ್ರಿ ಸಾರ್ 👏👏

ಮಧುಗಿರಿ ಮಗಳು: ದೋಸೆ ಅವ್ರೆ, ಅವ್ನು ಫೋನ್ ಮಾಡಲ್ಲ ಅಂದ್ರೆ? ಗದರಿಸ್ಲಾ, ಬಿಡ್ಲಾ?

ಕುಣಿಗಲ್ ಕುದುರೆ: ಗೌಡ್ರೆ, ಡಲ್ಲಾಸಲ್ಲಿ ಒಳ್ಳೆ ರಾಗಿ ಹಿಟ್ಟು ಎಲ್ಲಿ ಸಿಗುತ್ತೆ?

ಗೌರಿಬಿದನೂರು ಗೌಡ್ರು: ಇನ್‌ಬಾಕ್ಸಿಗೆ ಬನ್ನಿ.